ಊಹೆ ಮೊದಲು, ಸೂತ್ರ ಆಮೇಲೆ: ಐದು ಪ್ರಯೋಗಗಳಲ್ಲಿ ಭೌತ–ರಸಾಯನ ವಿಜ್ಞಾನದ ಮೂಲಪಾಠ

ನೊರೆ ಉಕ್ಕಿತು, ಬಲೂನು ಊದಿತು, ಬಣ್ಣ ಬದಲಾಯಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಇಷ್ಟಕ್ಕೇ ನಿಂತರೆ ಅದು ಜಾದೂ ಪ್ರದರ್ಶನ. ಸೋಡಾ ಎರಡು ಪಟ್ಟು ಹಾಕಿದರೂ ಬಲೂನು ಯಾಕೆ ಎರಡು ಪಟ್ಟು ಊದಲಿಲ್ಲ ಎಂದು ಒಂದು ಮಗು ಕೇಳಿದರೆ, ಅಲ್ಲಿಂದ ರಸಾಯನ ವಿಜ್ಞಾನ ಶುರು. ಆ ಪ್ರಶ್ನೆ ತಾನಾಗಿ ಹುಟ್ಟುವುದು ಅಪರೂಪ. ಅದು ಹುಟ್ಟುವ ಹಾಗೆ ಪ್ರಯೋಗವನ್ನು ಜೋಡಿಸಬೇಕು. ಕೆಳಗಿನ ಐದು ಪ್ರಯೋಗಗಳನ್ನು ಸುಮಾರು 9ರಿಂದ 14 ವಯಸ್ಸಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಜೋಡಿಸಲಾಗಿದೆ. ಪೋಷಕರು, ಶಿಕ್ಷಕರು ಇಬ್ಬರೂ ಮಾಡಿಸಬಹುದು.

ಮಾಡಿಸುವ ಕ್ರಮ

ಪ್ರತಿ ಪ್ರಯೋಗವೂ ಒಂದೇ ಹಾದಿಯಲ್ಲಿ ಸಾಗಲಿ. ಮೊದಲು ಖಚಿತ ಉತ್ತರವಿರುವ ಒಂದು ಪ್ರಶ್ನೆ ಕೇಳಿ. "ಏನಾಗುತ್ತೆ ನೋಡೋಣ" ಎಂಬುದು ಪ್ರಶ್ನೆಯಲ್ಲ, "ಎರಡರಲ್ಲಿ ಯಾವುದು ಮೊದಲು ಕರಗುತ್ತೆ?" ಎಂಬುದು ಪ್ರಶ್ನೆ. ಎರಡನೆಯದಾಗಿ, ಪ್ರತಿ ಮಗುವೂ ತನ್ನ ಊಹೆಯನ್ನೂ ಅದಕ್ಕೊಂದು ಕಾರಣವನ್ನೂ ಕಾಗದದ ಮೇಲೆ ಬರೆಯಬೇಕು. ಬಾಯಲ್ಲಿ ಹೇಳಿಸಿದರೆ ತರಗತಿಯ ಚುರುಕು ಮಗು ಹೇಳಿದ್ದನ್ನೇ ಉಳಿದವರೂ ಹೇಳುತ್ತಾರೆ. ಮೂರನೆಯದು ಪ್ರಯೋಗ. ನಾಲ್ಕನೆಯದು, ಒಂದೇ ಒಂದು ಅಂಶ ಬದಲಿಸಿ ಮತ್ತೊಮ್ಮೆ ಮಾಡುವುದು. ವಿವರಣೆ ಎಲ್ಲಕ್ಕಿಂತ ಕೊನೆಗೆ ಬರಲಿ. "ಸಾಂದ್ರತೆ", "ಪ್ರತ್ಯಾಮ್ಲ" ಮುಂತಾದ ಪದಗಳನ್ನು ಆಗ ಕೊಟ್ಟರೆ, ಕಣ್ಣಾರೆ ಕಂಡ ಸಂಗತಿಗೆ ಹೆಸರು ಸಿಕ್ಕಂತಾಗುತ್ತದೆ. ಮೊದಲೇ ಕೊಟ್ಟರೆ ಬಾಯಿಪಾಠಕ್ಕೆ ಇನ್ನೊಂದು ಸಾಲು ಸೇರುತ್ತದೆ, ಅಷ್ಟೆ.

ಊಹೆ ತಪ್ಪಾದರೆ ಒಳ್ಳೆಯದೇ. ತಪ್ಪು ಊಹೆಯನ್ನು ಅಳಿಸಲು ಬಿಡಬೇಡಿ, ಪಕ್ಕದಲ್ಲಿ ಫಲಿತಾಂಶ ಬರೆಸಿ.

ಬೇಕಾಗುವ ಸಲಕರಣೆ ಹೆಚ್ಚೇನಿಲ್ಲ. 0.1 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಸೂಜಿಯಿಲ್ಲದ 10 ಮತ್ತು 2 ಮಿಲಿಲೀಟರ್ ಸಿರಿಂಜುಗಳು, ಅಳತೆಯ ಲೋಟ, ಥರ್ಮಾಮೀಟರ್, ಟೇಪು, ಮೊಬೈಲಿನ ಸ್ಟಾಪ್‌ವಾಚ್. ಇದರಲ್ಲಿ ತಕ್ಕಡಿಯನ್ನು ಮಾತ್ರ ಕೈಬಿಡಬೇಡಿ. ಚಮಚದ ಲೆಕ್ಕದಲ್ಲಿ ಮಾಡಿದ ರಸಾಯನ ಪ್ರಯೋಗದಿಂದ ಅನುಪಾತದ ಪಾಠ ಹೇಳಲಾಗುವುದಿಲ್ಲ.

1. ಲೋಲಕ: ಅಳೆಯುವುದನ್ನು ಕಲಿಸುವ ಪ್ರಯೋಗ

ಮೊದಲು ಇದನ್ನೇ ಮಾಡಿಸಲು ಕಾರಣವಿದೆ. ಇದರಲ್ಲಿ ಬೆಂಕಿಯಿಲ್ಲ, ರಾಸಾಯನಿಕವಿಲ್ಲ, ಫಲಿತಾಂಶವೋ ತುಂಬಾ ನಿಖರ. ಹಿಗ್ಗದ ಗಟ್ಟಿ ನೂಲಿನ ತುದಿಗೆ ಬಾಗಿಸಿದ ಪೇಪರ್ ಕ್ಲಿಪ್ ಕಟ್ಟಿ, ಅದರ ಕೊಕ್ಕೆಗೆ ಒಂದು ಕಬ್ಬಿಣದ ವಾಷರ್ ಸಿಕ್ಕಿಸಿ. ನೂಲಿನ ಮೇಲ್ತುದಿಯನ್ನು ಅಲುಗಾಡದ ಮೇಜಿನ ಅಂಚಿಗೋ ಬಾಗಿಲ ಚೌಕಟ್ಟಿಗೋ ಬಿಗಿಯಿರಿ. ಮೇಲಿನ ಬಿಗಿದ ಬಿಂದುವಿನಿಂದ ವಾಷರ್‌ನ ಮಧ್ಯದವರೆಗೆ ಸರಿಯಾಗಿ 100 ಸೆಂ.ಮೀ. ಇರಲಿ.

ಸ್ವಲ್ಪವೇ, ಸುಮಾರು 10 ಡಿಗ್ರಿಯಷ್ಟು, ಪಕ್ಕಕ್ಕೆ ಎಳೆದು ತಳ್ಳದೆ ಬಿಡಿ. ಹೋಗಿ ವಾಪಸು ಬಂದರೆ ಒಂದು ಆಂದೋಲನ. ಅಂಥ 20 ಆಂದೋಲನಗಳ ಸಮಯ ಅಳೆಯಿರಿ, 20ರಿಂದ ಭಾಗಿಸಿ. ಒಂದೇ ಆಂದೋಲನವನ್ನು ಅಳೆದರೆ ಬೆರಳು ಒತ್ತುವಾಗಿನ 0.2 ಸೆಕೆಂಡಿನ ತಡವೇ ದೊಡ್ಡ ತಪ್ಪಾಗುತ್ತದೆ. 20ಕ್ಕೆ ಹಂಚಿದರೆ ಅದು 0.01 ಸೆಕೆಂಡಿಗೆ ಇಳಿಯುತ್ತದೆ.

ಈಗ ಪ್ರಶ್ನೆ: ವಾಷರ್ ಒಂದರ ಬದಲು ಮೂರಾದರೆ ಲೋಲಕ ಬೇಗ ತೂಗುತ್ತದೆಯೇ, ನಿಧಾನವಾಗಿಯೇ? ಹೆಚ್ಚಿನ ಮಕ್ಕಳು "ಬೇಗ" ಎನ್ನುತ್ತಾರೆ. ಮಾಡಿ ನೋಡಿದರೆ ಸಮಯ ಅಷ್ಟೇ. ಎರಡನೆಯ ಪ್ರಶ್ನೆ ಇನ್ನೂ ಚೆನ್ನಾಗಿದೆ: ಸಮಯ ಅರ್ಧವಾಗಬೇಕಾದರೆ ನೂಲು ಎಷ್ಟು ಉದ್ದ ಇರಬೇಕು? "50 ಸೆಂ.ಮೀ." ಎಂಬ ಉತ್ತರ ಬರುತ್ತದೆ. 20 ಆಂದೋಲನಗಳಿಗೆ ಸಿಗಬೇಕಾದ ಸಮಯ ಹೀಗಿದೆ:

100 ಸೆಂ.ಮೀ. – 40.1 ಸೆಕೆಂಡು
50 ಸೆಂ.ಮೀ. – 28.4 ಸೆಕೆಂಡು
25 ಸೆಂ.ಮೀ. – 20.1 ಸೆಕೆಂಡು

ಉದ್ದ ಕಾಲು ಭಾಗವಾದಾಗ ಸಮಯ ಅರ್ಧವಾಯಿತು. ವರ್ಗಮೂಲ ಎಂಬುದು ಗಣಿತದ ಪುಸ್ತಕದಿಂದ ಎದ್ದು ಬಂದು ನೂಲಿನ ತುದಿಯಲ್ಲಿ ತೂಗುತ್ತಿದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ. ದೊಡ್ಡ ಮಕ್ಕಳಾದರೆ ಉದ್ದವನ್ನು ಮೀಟರಿನಲ್ಲಿ ತೆಗೆದುಕೊಂಡು 39.5ರಿಂದ ಗುಣಿಸಲಿ, ಒಂದು ಆಂದೋಲನದ ಸಮಯದ ವರ್ಗದಿಂದ ಭಾಗಿಸಲಿ. 9.8ರ ಆಸುಪಾಸು ಬಂದದ್ದು ಗುರುತ್ವ ವೇಗೋತ್ಕರ್ಷ. ದಾರ ಮತ್ತು ವಾಷರ್‌ನಿಂದ ಭೂಮಿಯ ಸೆಳೆತ ಅಳೆದಾಯಿತು.

ಫಲಿತಾಂಶ ಹೊಂದದಿದ್ದರೆ ಮೊದಲು ಎಣಿಕೆ ನೋಡಿ. ಬಿಡುವಾಗ "ಸೊನ್ನೆ" ಎನ್ನಬೇಕು. "ಒಂದು" ಎಂದು ಶುರು ಮಾಡಿದರೆ 19 ಆಂದೋಲನಗಳನ್ನೇ 20 ಎಂದುಕೊಂಡು ಶೇ. 5ರಷ್ಟು ತಪ್ಪು ನುಸುಳುತ್ತದೆ. ಎರಡನೆಯ ತಪ್ಪು ವಾಷರ್‌ಗಳನ್ನು ಒಂದರ ಕೆಳಗೊಂದು ಕಟ್ಟುವುದು. ಆಗ ಭಾರದ ಜೊತೆಗೆ ಉದ್ದವೂ ಬದಲಾಗುತ್ತದೆ. ಮೂರನ್ನೂ ಒಂದೇ ಕೊಕ್ಕೆಗೆ ಅಕ್ಕಪಕ್ಕ ಹಾಕಬೇಕು. ಕೋನವೂ ದೊಡ್ಡದಾಗಬಾರದು: 60 ಡಿಗ್ರಿಯಿಂದ ಬಿಟ್ಟರೆ ಒಂದು ಆಂದೋಲನದ ಸಮಯ ಸುಮಾರು ಶೇ. 7 ಹೆಚ್ಚುತ್ತದೆ.

2. ಮಂಜುಗಡ್ಡೆ: ಬಹುತೇಕ ಎಲ್ಲರೂ ಎಡವುವ ಪ್ರಶ್ನೆ

ಎರಡು ಒಂದೇ ಥರದ ಗಾಜಿನ ಲೋಟ. ಎರಡರಲ್ಲೂ 200 ಮಿ.ಲೀ. ನೀರು. ಒಂದಕ್ಕೆ 20 ಗ್ರಾಂ ಉಪ್ಪು ಹಾಕಿ ಪೂರ್ತಿ ಕರಗಿಸಿ. ಎರಡೂ ಲೋಟಗಳನ್ನು ಅರ್ಧ ಗಂಟೆ ಹಾಗೇ ಬಿಟ್ಟು, ತಾಪ ಒಂದೇ ಇದೆಯೆಂದು ಥರ್ಮಾಮೀಟರ್‌ನಲ್ಲಿ ಖಚಿತಪಡಿಸಿಕೊಳ್ಳಿ. ಹಿಂದಿನ ದಿನವೇ ಆಹಾರದ ಬಣ್ಣ ಬೆರೆಸಿದ ನೀರಿನಿಂದ ಒಂದೇ ಟ್ರೇಯಲ್ಲಿ, ಒಂದೇ ಗಾತ್ರದ ಮಂಜುಗಡ್ಡೆ ಮಾಡಿಟ್ಟಿರಿ.

ಪ್ರಶ್ನೆ: ಯಾವ ಲೋಟದ ಮಂಜುಗಡ್ಡೆ ಮೊದಲು ಕರಗುತ್ತದೆ?

ಉಪ್ಪು ಮಂಜನ್ನು ಕರಗಿಸುತ್ತದೆ ಎಂದು ಓದಿರುವವರು ಉಪ್ಪುನೀರನ್ನೇ ಆರಿಸುತ್ತಾರೆ. ಕಾರಣವೂ ಸರಿಯಾಗಿಯೇ ಇದೆ, ಆದರೂ ಉತ್ತರ ತಪ್ಪು. ಎರಡೂ ಗಡ್ಡೆಗಳನ್ನು ಒಟ್ಟಿಗೆ, ನೀರು ಕದಡದಂತೆ ಮೆಲ್ಲಗೆ ಇಳಿಸಿ, ಲೋಟ ಮುಟ್ಟದೆ ಪಕ್ಕದಿಂದ ನೋಡಲು ಹೇಳಿ. ಸಿಹಿನೀರಿನಲ್ಲಿ ಬಣ್ಣದ ಎಳೆಗಳು ಗಡ್ಡೆಯಿಂದ ತಳಕ್ಕೆ ಇಳಿಯುತ್ತವೆ. ಉಪ್ಪುನೀರಿನಲ್ಲಿ ಬಣ್ಣ ಮೇಲೆಯೇ ಒಂದು ಪದರವಾಗಿ ನಿಲ್ಲುತ್ತದೆ. ಕರಗಿ ಮುಗಿಯುವುದು ಸಿಹಿನೀರಿನ ಗಡ್ಡೆಯೇ ಮೊದಲು.

ಈ ಹಂತದಲ್ಲಿ ಬಾಯಿ ಬಿಗಿ ಹಿಡಿಯಿರಿ. ಬಣ್ಣ ಎಲ್ಲಿಗೆ ಹೋಯಿತು ಎಂದಷ್ಟೇ ಕೇಳಿದರೆ ಸಾಕು, ಉಳಿದದ್ದನ್ನು ಮಕ್ಕಳೇ ಕಟ್ಟುತ್ತಾರೆ. ಕರಗಿದ ನೀರು ತಣ್ಣಗಿದೆ, ಕೋಣೆಯ ತಾಪದ ಸಿಹಿನೀರಿಗಿಂತ ತುಸು ಸಾಂದ್ರ, ಅಂದರೆ ಅಷ್ಟೇ ಗಾತ್ರಕ್ಕೆ ಹೆಚ್ಚು ಭಾರ. ಹಾಗಾಗಿ ಅದು ಮುಳುಗುತ್ತದೆ, ಅದರ ಜಾಗಕ್ಕೆ ಬೆಚ್ಚಗಿನ ನೀರು ಬಂದು ಗಡ್ಡೆಗೆ ತಾಗುತ್ತಲೇ ಇರುತ್ತದೆ. ಉಪ್ಪುನೀರಿನ ಸಾಂದ್ರತೆ ಪ್ರತಿ ಮಿಲಿಲೀಟರಿಗೆ ಸುಮಾರು 1.06 ಗ್ರಾಂ. ಕರಗಿದ ನೀರು ಎಷ್ಟೇ ತಣ್ಣಗಿದ್ದರೂ 1 ಗ್ರಾಂ ದಾಟುವುದಿಲ್ಲ. ಅದು ಮುಳುಗಲಾರದೆ ಗಡ್ಡೆಯ ಸುತ್ತ ತಣ್ಣನೆಯ ಕಂಬಳಿ ಹೊದ್ದಿಸಿದಂತೆ ನಿಂತುಬಿಡುತ್ತದೆ.

ವಿವರಣೆ ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದು ಹೇಗೆ ಎಂದು ಕೇಳಿ. ಕಲಕಿದರೆ ಕಂಬಳಿ ಹರಿಯಬೇಕಲ್ಲ? ಹೊಸ ಗಡ್ಡೆ ಹಾಕಿ ಎರಡನ್ನೂ ಒಂದೇ ವೇಗದಲ್ಲಿ ಕಲಕುತ್ತಾ ನೋಡಲಿ. ಮೊದಲು ಕಂಡ ಅಂತರ ಉಳಿಯುವುದಿಲ್ಲ. ಐದರಲ್ಲಿ ಒಂದನ್ನೇ ಮಾಡಿಸಲು ಪುರಸೊತ್ತಿದೆ ಎಂದಾದರೆ ಇದನ್ನೇ ಮಾಡಿಸಿ.

ಕೆಡುವ ಸಂದರ್ಭಗಳು ಎರಡು: ಉಪ್ಪು ಪೂರ್ತಿ ಕರಗದೆ ತಳದಲ್ಲಿ ಕೂತಿರುವುದು, ಲೋಟಗಳಲ್ಲಿ ಒಂದು ಮಾತ್ರ ಬಿಸಿಲಿನಲ್ಲಿರುವುದು.

3. ಮೇಣದಬತ್ತಿ ಮತ್ತು ಏರುವ ನೀರು: ತಪ್ಪು ವಿವರಣೆಯನ್ನು ಹಿಡಿಯುವುದು

ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಮೇಲೆ ಗಾಜಿನ ಪಾತ್ರೆ ಮಗುಚಿದರೆ ಬತ್ತಿ ಆರಿ ನೀರು ಒಳಗೆ ಏರುತ್ತದೆ. "ಆಮ್ಲಜನಕ ಖರ್ಚಾಯಿತು, ಗಾಳಿಯಲ್ಲಿ ಆಮ್ಲಜನಕ ಶೇ. 21, ಅದಕ್ಕೇ ನೀರು ಐದನೇ ಒಂದು ಭಾಗ ಏರಿತು" ಎಂಬ ವಿವರಣೆ ಬಹಳ ಕಡೆ ಕಾಣುತ್ತದೆ. ಸಂಖ್ಯೆಯೂ ಕೆಲವೊಮ್ಮೆ ಹೊಂದುವುದರಿಂದ ನಂಬಲು ಸುಲಭ. ಆದರೆ ಅದು ತಪ್ಪು, ಅದನ್ನು ಮಕ್ಕಳೇ ಸಾಬೀತು ಮಾಡಬಹುದು.

ಈ ಪ್ರಯೋಗವನ್ನು ದೊಡ್ಡವರು ಜೊತೆಗಿದ್ದಾಗ ಮಾತ್ರ ಮಾಡಬೇಕು. ಕೂದಲು ಕಟ್ಟಿರಲಿ, ಜೋಲಾಡುವ ಬಟ್ಟೆ ಬೇಡ, ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ.

ಹಂತ 1: ಅಗಲವಾದ ತಟ್ಟೆಗೆ 4–5 ಸೆಂ.ಮೀ. ಎತ್ತರದ ಮೂರು ಮೇಣದಬತ್ತಿಗಳನ್ನು ಕರಗಿದ ಮೇಣದಿಂದ ಹತ್ತಿರ ಹತ್ತಿರ ಅಂಟಿಸಿ. ಒಂದು ಲೀಟರಿನ ಅಗಲ ಬಾಯಿಯ ಗಾಜಿನ ಜಾಡಿ ಮೂರನ್ನೂ ಮುಚ್ಚುವಂತಿರಬೇಕು.

ಹಂತ 2: ತಟ್ಟೆಗೆ 1.5 ಸೆಂ.ಮೀ. ಎತ್ತರಕ್ಕೆ ಬಣ್ಣದ ನೀರು ಹಾಕಿ. ಒಂದೇ ಬತ್ತಿ ಹಚ್ಚಿ, ಜಾಡಿ ಮಗುಚಿ. ನೀರು ಯಾವಾಗ ಏರಿತು ಎಂಬುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ.

ಹಂತ 3: ನೀರು ಏರಿದ ಎತ್ತರವನ್ನು ಜಾಡಿಯ ಹೊರಗೆ ಗುರುತು ಹಾಕಿ. ಜಾಡಿ ತೆಗೆದು, ಒಣಗಿಸಿ, ಒಳಗಿನ ಹಳೆಯ ಗಾಳಿ ಹೋಗಲು ಒಂದೆರಡು ಸಲ ಬೀಸಿ, ಕೋಣೆಯ ತಾಪಕ್ಕೆ ಬರುವವರೆಗೆ ಕಾಯಿರಿ.

ಹಂತ 4: ಈಗ ಮೂರೂ ಬತ್ತಿ ಹಚ್ಚಿ, ಅದೇ ಜಾಡಿ ಮಗುಚಿ.

ಹಂತ 4ಕ್ಕೆ ಮೊದಲು ಊಹೆ ಬರೆಸಿ. ಜಾಡಿ ಅದೇ, ಒಳಗಿನ ಆಮ್ಲಜನಕವೂ ಅಷ್ಟೇ. ಆಮ್ಲಜನಕವೇ ಕಾರಣವಾಗಿದ್ದರೆ ನೀರು ಅಷ್ಟೇ ಎತ್ತರಕ್ಕೆ ನಿಲ್ಲಬೇಕು. ನಿಲ್ಲುವುದಿಲ್ಲ, ಮೂರು ಬತ್ತಿಗೆ ನೀರು ಎದ್ದು ಕಾಣುವಷ್ಟು ಹೆಚ್ಚು ಏರುತ್ತದೆ. ಚಿತ್ರೀಕರಣ ಇನ್ನೆರಡು ಸಾಕ್ಷಿ ಕೊಡುತ್ತದೆ. ಜಾಡಿ ಇಳಿಸುವಾಗ ಅಂಚಿನಿಂದ ಗುಳ್ಳೆಗಳು ಹೊರಬರುವುದು ಕಾಣಬಹುದು. ನೀರು ರಭಸದಿಂದ ಏರುವುದು ಬತ್ತಿ ಉರಿಯುವಾಗ ಅಲ್ಲ, ಆರಿದ ಮೇಲೆ.

ಈಗ ಕತೆ ಸರಿಹೋಗುತ್ತದೆ. ಜ್ವಾಲೆ ಗಾಳಿಯನ್ನು ಕಾಯಿಸಿ ಹಿಗ್ಗಿಸಿತು, ಹಿಗ್ಗಿದ ಗಾಳಿಯ ಒಂದಿಷ್ಟು ಹೊರಹೋಯಿತು. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣಿದು ಕುಗ್ಗಿತು, ಒಳಗಿನ ಒತ್ತಡ ಇಳಿಯಿತು, ಹೊರಗಿನ ವಾತಾವರಣದ ಒತ್ತಡ ನೀರನ್ನು ಒಳಕ್ಕೆ ತಳ್ಳಿತು. "ಎಳೆಯಿತು" ಎನ್ನಬೇಡಿ, ಗಾಳಿ ತಳ್ಳಬಲ್ಲದು, ಎಳೆಯಲಾರದು. ಒಳಗಿನ ಗಾಳಿ 90 ಡಿಗ್ರಿಯಿಂದ 25 ಡಿಗ್ರಿಗೆ ಇಳಿದರೆ ಅದರ ಗಾತ್ರ ಸುಮಾರು ಶೇ. 18 ಕುಗ್ಗುತ್ತದೆ. ಐದನೇ ಒಂದು ಭಾಗ ಎಂಬ ಭ್ರಮೆಗೆ ಈ ಕಾಕತಾಳೀಯ ಸಾಕು. ಆಮ್ಲಜನಕದ ಪಾಲು ಏನೂ ಇಲ್ಲವೆಂದಲ್ಲ. ಸುಮಾರು ಶೇ. 16ಕ್ಕೆ ಇಳಿದಾಗಲೇ ಬತ್ತಿ ಆರುತ್ತದೆ, ಖರ್ಚಾದದ್ದರ ಬದಲಿಗೆ ಕಾರ್ಬನ್ ಡೈಆಕ್ಸೈಡ್ ಬಂದು ಕೂರುತ್ತದೆ, ಜೊತೆಗೆ ಹುಟ್ಟಿದ ನೀರಾವಿ ತಣಿದು ಹನಿಯಾಗುತ್ತದೆ. ಹಾಗಾಗಿ ಅದರಿಂದಾಗುವ ಇಳಿಕೆ ಅಲ್ಪ.

ಬೆಂಕಿಯೇ ಇಲ್ಲದೆಯೂ ನೀರು ಏರಿಸಿ ತೋರಿಸಿದರೆ ವಾದ ಮುಗಿಯುತ್ತದೆ. ದಪ್ಪ ಲೋಟವನ್ನು ಸುಮಾರು 60 ಡಿಗ್ರಿಯ ಬಿಸಿನೀರಿನಲ್ಲಿ ಒಂದು ನಿಮಿಷ ಇಟ್ಟು, ನೀರು ಚೆಲ್ಲಿ, ತಕ್ಷಣ ತಟ್ಟೆಯ ತಣ್ಣೀರಿನಲ್ಲಿ ಮಗುಚಿ. ಕುದಿಯುವ ನೀರು ಬಳಸಬೇಡಿ, ಗಾಜು ಸೀಳಬಹುದು.

4. ಸೋಡಾ ಮತ್ತು ವಿನೆಗರ್: ಜ್ವಾಲಾಮುಖಿ ಬಿಟ್ಟು ಲೆಕ್ಕ ಹಿಡಿಯುವುದು

ಕಾಗದದ ಜ್ವಾಲಾಮುಖಿಯಿಂದ ನೊರೆ ಉಕ್ಕಿಸುವುದಕ್ಕೆ ಇದೇ ಎರಡು ವಸ್ತು ಖರ್ಚಾಗುತ್ತವೆ. ಪಾಠ ಮಾತ್ರ ನೊರೆಯ ಜೊತೆ ಹರಿದುಹೋಗುತ್ತದೆ. ಬಲೂನು ಕಟ್ಟಿದರೆ ಅನಿಲ ಸಿಕ್ಕಿಬೀಳುತ್ತದೆ, ಅಳೆಯಬಹುದು.

ಅರ್ಧ ಲೀಟರಿನ ನಾಲ್ಕು ಪ್ಲಾಸ್ಟಿಕ್ ಬಾಟಲಿಗಳಿಗೆ ತಲಾ 70 ಮಿ.ಲೀ. ವಿನೆಗರ್ ಹಾಕಿ. ಅದರ ಲೇಬಲ್ಲಿನಲ್ಲಿ ಆಮ್ಲ ಶೇ. 5 ಎಂದಿರಬೇಕು. ಒಂದೇ ಗಾತ್ರದ ನಾಲ್ಕು ಬಲೂನುಗಳನ್ನು ಒಮ್ಮೆ ಪೂರ್ತಿ ಊದಿ ಬಿಡಿ, ಇಲ್ಲದಿದ್ದರೆ ಹೊಸ ರಬ್ಬರಿನ ಬಿಗಿತ ಫಲಿತಾಂಶ ಕೆಡಿಸುತ್ತದೆ. ಬಲೂನಿನೊಳಗೆ ಒಣ ಆಲಿಕೆಯಿಂದ ಕ್ರಮವಾಗಿ 2, 4, 6, 8 ಗ್ರಾಂ ಅಡುಗೆ ಸೋಡಾ ತುಂಬಿ. ಬೇಕಿಂಗ್ ಪೌಡರ್ ಬೇಡ, ಅದರಲ್ಲಿ ಆಮ್ಲವೂ ಪಿಷ್ಟವೂ ಮೊದಲೇ ಬೆರೆತಿರುತ್ತವೆ. ಬಲೂನಿನ ಬಾಯಿಯನ್ನು ಬಾಟಲಿಗೆ ಬಿಗಿಯಾಗಿ ಹಾಕಿ, ನಂತರ ಮೇಲೆತ್ತಿ ಸೋಡಾ ಬೀಳಿಸಿ.

ಒಂದು ಎಚ್ಚರಿಕೆ: ಈ ಬಾಟಲಿಗೆ ಎಂದೂ ಮುಚ್ಚಳ ಬಿಗಿಯಬೇಡಿ. 8 ಗ್ರಾಂ ಹಾಕಿದ ಬಾಟಲಿಯಲ್ಲಿ ಹುಟ್ಟುವ ಅನಿಲ ಖಾಲಿ ಜಾಗದ ಮೂರು ಪಟ್ಟಿಗೂ ಹೆಚ್ಚು. ಬಾಟಲಿ ಸಿಡಿಯಬಹುದು.

ನಾಲ್ಕು ಬಲೂನುಗಳನ್ನು ಸಾಲಾಗಿ ಇಟ್ಟರೆ ವಿಚಿತ್ರ ಕಾಣುತ್ತದೆ. 2ರಿಂದ 4ಕ್ಕೆ ಬಲೂನು ದೊಡ್ಡದಾಯಿತು, 4ರಿಂದ 6ಕ್ಕೆ ಸ್ವಲ್ಪ, 6 ಮತ್ತು 8 ಮಾತ್ರ ಹೆಚ್ಚುಕಡಿಮೆ ಒಂದೇ. ಏಕೆ? ಉತ್ತರ ಬಾಟಲಿಯ ತಳದಲ್ಲಿದೆ. ಬಲೂನು ಬಿಚ್ಚಿ 2 ಗ್ರಾಂ ಬಾಟಲಿಗೆ ಚಿಟಿಕೆ ಸೋಡಾ ಹಾಕಿ: ನೊರೆ ಬರುತ್ತದೆ, ಅಂದರೆ ಆಮ್ಲ ಉಳಿದಿತ್ತು. 8 ಗ್ರಾಂ ಬಾಟಲಿಗೆ ಸೋಡಾ ಹಾಕಿದರೆ ಏನೂ ಇಲ್ಲ, ವಿನೆಗರ್ ಹಾಕಿದರೆ ನೊರೆ. ಅಲ್ಲಿ ಉಳಿದದ್ದು ಸೋಡಾ.

ಲೆಕ್ಕ ಹೀಗೆ: ಒಂದು ಅಸಿಟಿಕ್ ಆಮ್ಲದ ಅಣುವಿಗೆ ಒಂದು ಸೋಡಾ ಜೋಡಿ. ತೂಕದಲ್ಲಿ ಹೇಳುವುದಾದರೆ 60 ಗ್ರಾಂ ಆಮ್ಲಕ್ಕೆ 84 ಗ್ರಾಂ ಸೋಡಾ. 70 ಮಿ.ಲೀ. ವಿನೆಗರ್‌ನಲ್ಲಿ ಆಮ್ಲ 3.5 ಗ್ರಾಂ, ಅದಕ್ಕೆ ಬೇಕಾದ ಸೋಡಾ 4.9 ಗ್ರಾಂ. ಅದಕ್ಕಿಂತ ಹೆಚ್ಚು ಹಾಕಿದ್ದು ಜೋಡಿಯಿಲ್ಲದೆ ಬಾಟಲಿಯಲ್ಲೇ ಉಳಿಯುತ್ತದೆ. ಹುಟ್ಟುವ ಅನಿಲ ಹೆಚ್ಚೆಂದರೆ ಸುಮಾರು 1.4 ಲೀಟರ್, ಅದರಲ್ಲೂ ಒಂದಿಷ್ಟು ದ್ರವದಲ್ಲೇ ಕರಗಿ ನಿಲ್ಲುತ್ತದೆ.

ಇಲ್ಲಿ ಮಕ್ಕಳು ಬೀಳುವ ಹಳ್ಳ ಬಲೂನಿನ ಸುತ್ತಳತೆ. ಟೇಪಿನಲ್ಲಿ ಅಳೆದರೆ 2 ಗ್ರಾಂ ಬಲೂನಿಗೆ ಸುಮಾರು 31 ಸೆಂ.ಮೀ., 4 ಗ್ರಾಂಗೆ ಸುಮಾರು 40 ಬರುತ್ತದೆ. "ಎರಡು ಪಟ್ಟು ಆಗಲೇ ಇಲ್ಲ" ಎಂಬ ದೂರು ಖಚಿತ. ಗಾತ್ರವು ಸುತ್ತಳತೆಯ ಘನಕ್ಕೆ ತಕ್ಕಂತೆ ಏರುತ್ತದೆ. 40ನ್ನು 31ರಿಂದ ಭಾಗಿಸಿ, ಬಂದದ್ದರ ಘನ ತೆಗೆದರೆ (ಅದೇ ಸಂಖ್ಯೆಯನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿದರೆ) 2ರ ಹತ್ತಿರ ಬರುತ್ತದೆ.

ಬಾಟಲಿಯನ್ನು ಮುಟ್ಟಿ ನೋಡಲೂ ಹೇಳಿ. ಕ್ರಿಯೆ ಶಾಖವನ್ನು ಹೀರುವುದರಿಂದ ದ್ರವ ಕೆಲವು ಡಿಗ್ರಿ ತಣ್ಣಗಾಗಿರುತ್ತದೆ. ರಾಸಾಯನಿಕ ಕ್ರಿಯೆ ಎಂದರೆ ಬಿಸಿಯಾಗಲೇಬೇಕು ಎಂದುಕೊಂಡಿದ್ದವರಿಗೆ ಇದು ಹೊಸತು.

ಇನ್ನೊಂದು ಹೆಜ್ಜೆ ಮುಂದೆ ಹೋಗುವವರಿಗೆ ತೂಕದ ಒಗಟು. ತೆರೆದ ಬಾಟಲಿ, ವಿನೆಗರ್, ಪಕ್ಕದಲ್ಲಿ 4 ಗ್ರಾಂ ಸೋಡಾ, ಎಲ್ಲವನ್ನೂ ಒಟ್ಟಿಗೆ ತೂಗಿ, ಬೆರೆಸಿ, ನೊರೆ ನಿಂತ ಮೇಲೆ ಮತ್ತೆ ತೂಗಿ. 2 ಗ್ರಾಂಗೆ ತುಸು ಕಡಿಮೆ ಇಳಿದಿರುತ್ತದೆ, ಅನಿಲ ಹೊರಹೋಯಿತು. ಈಗ ಬಲೂನು ಕಟ್ಟಿ ಇದನ್ನೇ ಮಾಡಿ. ಏನೂ ಹೊರಹೋಗಿಲ್ಲ, ತೂಕ ಬದಲಾಗಬಾರದು. ಆದರೂ ತಕ್ಕಡಿ 1 ಗ್ರಾಂಗೂ ಹೆಚ್ಚು ಇಳಿಕೆ ತೋರಿಸುತ್ತದೆ! ಬಹಳಷ್ಟು ಜನ ಬಲೂನು ಸೋರುತ್ತಿದೆ ಎಂದು ದೂಷಿಸಿ ಅಲ್ಲಿಗೇ ಬಿಡುತ್ತಾರೆ. ಸೋರದಿದ್ದರೂ ಇದು ಆಗಲೇಬೇಕು. ಊದಿದ ಬಲೂನು 1.1 ಲೀಟರ್ ಗಾಳಿಯನ್ನು ಪಕ್ಕಕ್ಕೆ ಸರಿಸಿದೆ. ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ. ನೀರಿನಲ್ಲಿ ವಸ್ತು ಹಗುರವಾಗುವಂತೆಯೇ ಗಾಳಿಯಲ್ಲೂ ಸರಿದ ಗಾಳಿಯ ತೂಕದಷ್ಟು ಹಗುರವಾಗಿ ಕಾಣುತ್ತದೆ. ದ್ರವ್ಯರಾಶಿ ಅಷ್ಟೇ ಇದೆ, ತಕ್ಕಡಿಗೆ ಬೀಳುವ ಭಾರ ಕಡಿಮೆಯಾಗಿದೆ. ರಸಾಯನದ ಪ್ರಯೋಗದೊಳಗೆ ಆರ್ಕಿಮಿಡೀಸನ ತತ್ವ ಹೀಗೆ ಕರೆಯದೇ ಬಂದು ಕೂರುತ್ತದೆ.

5. ಬಣ್ಣದಿಂದ ಆಮ್ಲ ಅಳೆಯುವುದು

ನೇರಳೆ ಬಣ್ಣದ ಎಲೆಕೋಸು 100 ಗ್ರಾಂ ಹೆಚ್ಚಿ, 500 ಮಿ.ಲೀ. ನೀರಿನಲ್ಲಿ 10 ನಿಮಿಷ ಕುದಿಸಿ, ಸೋಸಿ, ತಣಿಸಿ. ಈ ರಸ ಪ್ರಬಲ ಆಮ್ಲದಲ್ಲಿ ಕೆಂಪು, ತಟಸ್ಥದಲ್ಲಿ ನೇರಳೆ, ದುರ್ಬಲ ಪ್ರತ್ಯಾಮ್ಲದಲ್ಲಿ (ಸೋಡಾದಂತೆ ಆಮ್ಲವನ್ನು ತಟಸ್ಥಗೊಳಿಸುವ ವಸ್ತುವಿನಲ್ಲಿ) ನೀಲಿ, ಇನ್ನೂ ಪ್ರಬಲವಾದರೆ ಹಸಿರು, ಕೊನೆಗೆ ಹಳದಿ. ಫ್ರಿಜ್‌ನಲ್ಲಿ ಎರಡು–ಮೂರು ದಿನ ಇಡಬಹುದು. ಅರಿಶಿನವೂ ಹೀಗೆ ಬಣ್ಣ ಬದಲಿಸಿ ತೋರಿಸುವ ಸೂಚಕವೇ, ಆದರೆ ಅದು ಪ್ರತ್ಯಾಮ್ಲಕ್ಕೆ ಮಾತ್ರ ಕೆಂಪಾಗುತ್ತದೆ. ಆಮ್ಲಕ್ಕೂ ತಟಸ್ಥಕ್ಕೂ ಒಂದೇ ಹಳದಿ. ಹಾಗಾಗಿ ಅಳತೆಗೆ ಎಲೆಕೋಸೇ ಮೇಲು.

ಸಾಬೂನು, ನಿಂಬೆರಸ, ಸೋಡಾ ನೀರು ಹಾಕಿ ಬಣ್ಣ ನೋಡುವುದು ಐದು ನಿಮಿಷದ ಆಟ, ಅದನ್ನು ಬೇಗ ಮುಗಿಸಿ. ಶೌಚಾಲಯ ತೊಳೆಯುವ ದ್ರವ, ಬ್ಲೀಚ್ ಇವುಗಳನ್ನು ಮಾತ್ರ ಹತ್ತಿರ ತರಬೇಡಿ: ಬ್ಲೀಚ್‌ಗೆ ಆಮ್ಲ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ.

ನಿಜವಾದ ಕೆಲಸ ಇದು. 5 ಗ್ರಾಂ ಸೋಡಾವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಒಟ್ಟು 100 ಮಿ.ಲೀ. ಆಗುವಷ್ಟು ನೀರು ಸೇರಿಸಿ. ಲೋಟಕ್ಕೆ 20 ಮಿ.ಲೀ. ಎಲೆಕೋಸಿನ ರಸ, ಅದಕ್ಕೆ ನಿಖರವಾಗಿ 1 ಮಿ.ಲೀ. ವಿನೆಗರ್: ರಸ ಕೆಂಪಾಗುತ್ತದೆ. ಪಕ್ಕದಲ್ಲಿ ಏನೂ ಬೆರೆಸದ 20 ಮಿ.ಲೀ. ರಸವನ್ನು ಹೋಲಿಕೆಗೆ ಇಡಿ. ಈಗ ಸೋಡಾ ದ್ರಾವಣವನ್ನು 2 ಮಿ.ಲೀ. ಸಿರಿಂಜಿನಿಂದ ಹನಿಹನಿಯಾಗಿ ಹಾಕುತ್ತಾ, ಪ್ರತಿ ಬಾರಿ ಕಲಕಿ, ಬಣ್ಣ ಹೋಲಿಕೆಯ ಲೋಟಕ್ಕೆ ಸಮೀಪಿಸುವವರೆಗೆ ಮುಂದುವರಿಸಿ. ಬಲೂನಿನ ಲೆಕ್ಕದ ಪ್ರಕಾರ 70 ಮಿ.ಲೀ. ವಿನೆಗರ್‌ಗೆ 4.9 ಗ್ರಾಂ ಆದರೆ 1 ಮಿ.ಲೀ.ಗೆ 0.07 ಗ್ರಾಂ ಸೋಡಾ, ಅಂದರೆ ಈ ದ್ರಾವಣದ 1.4 ಮಿ.ಲೀ. ಬೇಕಾಗಬೇಕು. ಹಾಕುವ ಮೊದಲೇ ಈ ಸಂಖ್ಯೆಯನ್ನು ಮಕ್ಕಳು ಲೆಕ್ಕ ಹಾಕಿ ಬರೆದಿಟ್ಟಿರಲಿ.

ಕೊನೆಯ ಕೆಲವು ಹನಿಗಳಲ್ಲಿ ಬಣ್ಣ ಥಟ್ಟನೆ ತಿರುಗದೆ ನಿಧಾನವಾಗಿ ಸರಿಯುತ್ತದೆ. ಕರಗಿ ನಿಂತ ಕಾರ್ಬನ್ ಡೈಆಕ್ಸೈಡ್ ಕೂಡ ದುರ್ಬಲ ಆಮ್ಲವೇ, ಅದು ಹೊರಹೋಗುವವರೆಗೆ ಚೆನ್ನಾಗಿ ಕಲಕಬೇಕು. 1.3ರಿಂದ 1.5ರೊಳಗೆ ಬಂದರೆ ಕೈ ಪಳಗಿದೆ ಎನ್ನಬಹುದು. ಪ್ರತಿ ಸಲವೂ 2 ಮಿ.ಲೀ. ದಾಟುತ್ತಿದ್ದರೆ ಸೋಡಾ ಪೂರ್ತಿ ಕರಗಿದೆಯೇ, ಸೋಡಾ ದ್ರಾವಣ ಅಳೆದ ಸಿರಿಂಜಿನಲ್ಲಿ ಗಾಳಿಗುಳ್ಳೆ ಇತ್ತೇ ನೋಡಿ.

ಇದು ಕೈಗೆ ಕೂತ ಮೇಲೆ ವಿನೆಗರ್‌ಗೆ ಗುಟ್ಟಾಗಿ ನೀರು ಬೆರೆಸಿ ಕೊಡಿ, ಎಷ್ಟು ಬೆರೆಸಿದ್ದೀರಿ ಎಂದು ಅವರೇ ಕಂಡುಹಿಡಿಯಲಿ. ಅರ್ಧಕ್ಕರ್ಧ ಬೆರೆಸಿದ್ದರೆ 0.7 ಮಿ.ಲೀ.ಗೇ ಬಣ್ಣ ತಿರುಗುತ್ತದೆ. ಉಳಿದ ದ್ರವಗಳನ್ನೆಲ್ಲ ಸಾಕಷ್ಟು ನೀರಿನ ಜೊತೆ ಸಿಂಕಿಗೆ ಸುರಿಯಬಹುದು. ಎಲೆಕೋಸಿನ ರಸ ಬಟ್ಟೆಗೆ ಬಿದ್ದರೆ ಮಾತ್ರ ಒಣಗಲು ಬಿಡದೆ ತೊಳೆಯಿರಿ.